ಅನಾಥರಲ್ಲದ ಅನಾಥರು

ರಜೆಗೆ ಊರಿಗೆ ಹೋದಾಗ ನಮ್ಮಲ್ಲಿ ಬಹಳ ಮಂದಿ ತಪ್ಪದೆ ಮಾಡುವ ಕೆಲಸವೊಂದಿದೆ. ಮಗುವಿನ ಹುಟ್ಟುಹಬ್ಬಕ್ಕೋ, ತೀರಿಕೊಂಡ ಹಿರಿಯರ ನೆನಪಿಗೋ ಹತ್ತಿರದ ಅನಾಥಾಲಯದಲ್ಲಿ ಒಂದು ಹೊತ್ತಿನ ಊಟ ಹಾಕಿಸುತ್ತೇವೆ. ಮಕ್ಕಳು ಸಾಲಾಗಿ ಕೂತು ಪಾಯಸ ಉಣ್ಣುವುದನ್ನು ನೋಡುತ್ತೇವೆ, ಒಂದೆರಡು ಫೋಟೋ ತೆಗೆಸಿಕೊಳ್ಳುತ್ತೇವೆ, ಮನಸ್ಸು ಹಗುರ ಮಾಡಿಕೊಂಡು ಮನೆಗೆ ಬರುತ್ತೇವೆ. ವರ್ಷದ ಹನ್ನೊಂದು ತಿಂಗಳು ಸ್ವಂತ ಮಕ್ಕಳನ್ನೇ ಫೋನಿನಲ್ಲಿ ಮಾತ್ರ ನೋಡುವ ನಮಗೆ ಆ ಸಾಲಿನ ಮುಂದೆ ನಿಂತಾಗ ಗಂಟಲು ಕಟ್ಟಿ ಬರುವುದು ಸಹಜ.

ಈಚೆಗೆ ನಮ್ಮ ಬಳಗದ ಒಬ್ಬರು ಒಂದು ಪ್ರಶ್ನೆ ತಂದರು. ಅವರ ಮಗಳು ಇಲ್ಲೇ ಹನ್ನೊಂದನೇ ತರಗತಿಯಲ್ಲಿ ಓದುತ್ತಿದ್ದಾಳೆ. ಬೇಸಿಗೆ ರಜೆಯಲ್ಲಿ ಎರಡು ವಾರ ನೇಪಾಳದ ಅನಾಥಾಲಯವೊಂದಕ್ಕೆ ಹೋಗಿ, ಅಲ್ಲಿನ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡುವ ಕಾರ್ಯಕ್ರಮಕ್ಕೆ ಸೇರಬೇಕೆಂಬುದು ಅವಳ ಆಸೆ. ಶುಲ್ಕ ಕಟ್ಟಿದರೆ ಸಾಕು, ವಿಮಾನದ ಟಿಕೆಟ್ಟಿನಿಂದ ಹಿಡಿದು ಊಟ ವಸತಿಯವರೆಗೆ ಎಲ್ಲವನ್ನೂ ಸಂಸ್ಥೆಯವರೇ ನೋಡಿಕೊಳ್ಳುತ್ತಾರೆ. ಕೊನೆಗೆ ಒಂದು ಪ್ರಮಾಣಪತ್ರವೂ ಸಿಗುತ್ತದೆ. “ಒಳ್ಳೇ ಕೆಲಸಕ್ಕೆ ಹೋಗ್ತೀನಿ ಅನ್ನೋ ಮಗಳಿಗೆ ಬೇಡ ಅಂತ ಹೇಗೆ ಹೇಳೋದು? ಆದ್ರೂ ಯಾಕೋ ಮನಸ್ಸು ಒಪ್ತಾ ಇಲ್ಲ” ಎಂದರು ಅವರು. ಉತ್ತರ ಹೇಳುವ ಮೊದಲು ನಾವು ಕೆಲವರು ಸೇರಿ, ಹೀಗೆ ಪರದೇಶದ ಅನಾಥಾಲಯಗಳಿಗೆ ಸೇವೆಗೆಂದು ಹೋದ ಯುವಜನರ ಚರಿತ್ರೆಯನ್ನು ಹುಡುಕಿ ಓದಿದೆವು. ಓದಿ ತಿಳಿದದ್ದನ್ನು ಎಲ್ಲರೊಂದಿಗೆ ಹಂಚಿಕೊಳ್ಳಲೆಂದು ಈ ಬರಹ.

ರೊಮೇನಿಯಾದ ಬಾಗಿಲು ತೆರೆದಾಗ

ಈ ಕಥೆಯ ಈಚಿನ ಅಧ್ಯಾಯ ಶುರುವಾಗುವುದು ಪೂರ್ವ ಯೂರೋಪಿನ ರೊಮೇನಿಯಾದಲ್ಲಿ. ಅಲ್ಲಿನ ಸರ್ವಾಧಿಕಾರಿ ಚೌಸೆಸ್ಕು, ದೇಶದ ಜನಸಂಖ್ಯೆ ಹೆಚ್ಚಿದರೆ ದೇಶ ಬಲವಾಗುತ್ತದೆ ಎಂದು ನಂಬಿದ್ದ. 1966ರಲ್ಲಿ 770ನೇ ಆಜ್ಞೆ ಹೊರಡಿಸಿ ಗರ್ಭಪಾತವನ್ನು ನಿಷೇಧಿಸಿದ. ನಾಲ್ಕು ಮಕ್ಕಳನ್ನು ಹೆತ್ತವರಂಥ ಕೆಲವೇ ಹೆಂಗಸರಿಗೆ ಅದರಿಂದ ವಿನಾಯಿತಿ. ಮುಂದೆ 1980ರ ದಶಕದಲ್ಲಿ ವಿದೇಶಿ ಸಾಲ ತೀರಿಸುವ ಹಟಕ್ಕೆ ಬಿದ್ದು, ಬೆಳೆದ ಆಹಾರವನ್ನೆಲ್ಲ ರಫ್ತು ಮಾಡತೊಡಗಿದ. ಮನೆಗಳಲ್ಲಿ ರೊಟ್ಟಿಗೂ ಬರ, ಚಳಿಗಾಲದಲ್ಲಿ ಶಾಖಕ್ಕೂ ಬರ. ಹೆತ್ತವರಿಗೆ ಸಾಕಲಾಗದ ಮಕ್ಕಳನ್ನು ಸರ್ಕಾರವೇ ಸಾಕುತ್ತದೆ ಎಂಬ ಮಾತು ನಂಬಿ ಲಕ್ಷಾಂತರ ಬಡವರು ಕೂಸುಗಳನ್ನು ಸರ್ಕಾರಿ ಅನಾಥಾಲಯಗಳಿಗೆ ಒಪ್ಪಿಸಿದರು.

1989ರ ಡಿಸೆಂಬರ್ 25ರಂದು ಚೌಸೆಸ್ಕುವನ್ನು ಗುಂಡಿಟ್ಟು ಕೊಂದರು. ಹೊರಗಿನ ಪತ್ರಕರ್ತರು ಒಳಗೆ ಕಾಲಿಟ್ಟಾಗ ಕಂಡದ್ದು ಒಂದು ಲಕ್ಷಕ್ಕೂ ಹೆಚ್ಚು ಮಕ್ಕಳು ತುಂಬಿದ್ದ ಅನಾಥಾಲಯಗಳು. ಕಬ್ಬಿಣದ ತೊಟ್ಟಿಲುಗಳ ಸಾಲು, ತಮ್ಮಷ್ಟಕ್ಕೆ ತಾವೇ ಹಿಂದಕ್ಕೂ ಮುಂದಕ್ಕೂ ತೂಗಿಕೊಳ್ಳುವ ಕೂಸುಗಳು. ಹತ್ತು ಹದಿನೈದು ಮಕ್ಕಳಿಗೆ ಒಬ್ಬಳೇ ದಾದಿ. ಅತ್ತರೂ ಯಾರೂ ಬರುವುದಿಲ್ಲವೆಂದು ತಿಳಿದು ಅಳುವುದನ್ನೇ ಬಿಟ್ಟಿದ್ದ ಮಕ್ಕಳು. ಆ ಚಿತ್ರಗಳನ್ನು 1990ರಲ್ಲಿ ಟಿವಿಯಲ್ಲಿ ನೋಡಿ ಬ್ರಿಟನ್, ಐರ್ಲೆಂಡ್, ಜರ್ಮನಿ, ಅಮೆರಿಕದ ಜನ ತಲ್ಲಣಿಸಿದರು. ಕಂಬಳಿ, ಔಷಧಿ, ಹಾಲಿನಪುಡಿ, ಆಟಿಕೆ ತುಂಬಿದ ಲಾರಿಗಳು ಹೊರಟವು. ಅವುಗಳ ಹಿಂದೆಯೇ ಕಾಲೇಜು ಹುಡುಗ ಹುಡುಗಿಯರು, ನರ್ಸುಗಳು, ಬಡಗಿಗಳು, ಪ್ಲಂಬರ್‌ಗಳು ಹೊರಟರು. ಗೋಡೆಗೆ ಬಣ್ಣ ಹೊಡೆದರು, ಒಡೆದ ಕೊಳಾಯಿ ಸರಿಮಾಡಿದರು, ಮಕ್ಕಳನ್ನು ಮೊದಲ ಸಲ ಬಯಲಿಗೆ ಕರೆತಂದರು. ಅವರ ಕೆಲಸವನ್ನು ಕಡಿಮೆ ಎನ್ನಲಾಗದು. ಎಷ್ಟೋ ಮಕ್ಕಳು ಉಳಿದದ್ದೇ ಅವರಿಂದ.

ಆದರೆ ಎರಡು ಸಂಗತಿಗಳು ಹೋದವರನ್ನು ಕಾಡಿದವು. ಒಂದು, ಆ ಮಕ್ಕಳಲ್ಲಿ ಬಹುಪಾಲು ಅನಾಥರೇ ಅಲ್ಲ. ತಂದೆಯೋ ತಾಯಿಯೋ ಎಲ್ಲೋ ಬದುಕಿದ್ದಾರೆ. ಇನ್ನೊಂದು, ಆ ಮಕ್ಕಳ ಅಪ್ಪುಗೆ. ಬಾಗಿಲಲ್ಲಿ ಯಾವ ಅಪರಿಚಿತ ಕಾಣಿಸಿದರೂ ಓಡಿಬಂದು ಕಾಲು ತಬ್ಬಿಕೊಳ್ಳುತ್ತಿದ್ದವು. ಬಂದವರು ಅದನ್ನು ಪ್ರೀತಿ ಎಂದುಕೊಂಡು ಕಣ್ಣೀರಿಟ್ಟರು. ಆದರೆ ತನ್ನವರು ಯಾರು, ಪರಕೀಯರು ಯಾರು ಎಂಬ ಗುರುತೇ ಮೂಡದ ಮಗು ಮಾತ್ರ ಹಾಗೆ ಎಲ್ಲರನ್ನೂ ತಬ್ಬುತ್ತದೆ ಎಂದು ಮುಂದೆ ತಜ್ಞರು ವಿವರಿಸಿದರು. ಮನೆಯಲ್ಲಿ ಬೆಳೆದ ಮಗು ಹೊಸಬರನ್ನು ಕಂಡರೆ ಅಮ್ಮನ ಹಿಂದೆ ಅಡಗುತ್ತದೆ. ಇದು ನಾವೆಲ್ಲ ಕಂಡದ್ದೇ.

ಮಗುವಿಗೆ ಏನು ಬೇಕು?

ಈ ಪ್ರಶ್ನೆ ರೊಮೇನಿಯಾದಲ್ಲಿ ಹುಟ್ಟಿದ್ದಲ್ಲ. ಎರಡನೇ ಮಹಾಯುದ್ಧ ಮುಗಿದಾಗ ಯೂರೋಪಿನ ತುಂಬ ಮನೆಯಿಲ್ಲದ ಮಕ್ಕಳಿದ್ದರು. ವಿಶ್ವ ಆರೋಗ್ಯ ಸಂಸ್ಥೆಯ ಕೋರಿಕೆಯಂತೆ ಇಂಗ್ಲೆಂಡಿನ ಮನೋವೈದ್ಯ ಜಾನ್ ಬೌಲ್ಬಿ ಆ ಮಕ್ಕಳ ಸ್ಥಿತಿಯನ್ನು ಪರಿಶೀಲಿಸಿ 1951ರಲ್ಲಿ ವರದಿ ಕೊಟ್ಟರು. ಹೊಟ್ಟೆಗೆ ಹಿಟ್ಟು, ಮೈಗೆ ಬಟ್ಟೆ ಇದ್ದರೆ ಸಾಲದು, ಮಗುವಿಗೆ ತಾಯಿಯೋ ತಾಯಿಯಂಥ ಒಬ್ಬರೋ ಬಿಡದೆ ಜೊತೆಗಿರಬೇಕು ಎಂಬುದು ಅದರ ಸಾರ. 

ಈ ಮಾತು ಎಷ್ಟು ನಿಜವೆಂದು ಅಳೆದು ತೋರಿಸಿದ್ದು ಮತ್ತೆ ರೊಮೇನಿಯಾವೇ. 2000ದಲ್ಲಿ ಚಾರ್ಲ್ಸ್ ನೆಲ್ಸನ್, ನೇಥನ್ ಫಾಕ್ಸ್, ಚಾರ್ಲ್ಸ್ ಜೀನಾ ಎಂಬ ಮೂವರು ಅಮೆರಿಕದ ವಿಜ್ಞಾನಿಗಳು ಬುಕಾರೆಸ್ಟ್ ನಗರದ ಅನಾಥಾಲಯಗಳ 136 ಮಕ್ಕಳನ್ನು ಅಧ್ಯಯನಕ್ಕೆ ತೆಗೆದುಕೊಂಡರು. ಚೀಟಿ ಎತ್ತಿದಂತೆ ಅರ್ಧದಷ್ಟು ಮಕ್ಕಳನ್ನು ಪಾಲಕ ಕುಟುಂಬಗಳಿಗೆ ಒಪ್ಪಿಸಿದರು. ಉಳಿದವರಿಗೆ ಅಲ್ಲಿಯವರೆಗೆ ಇದ್ದ ವ್ಯವಸ್ಥೆಯೇ ಮುಂದುವರಿಯಿತು. ವರ್ಷಗಳ ಕಾಲ ಆ ಮಕ್ಕಳ ಬುದ್ಧಿ, ಮಾತು, ಮಿದುಳಿನ ಚಟುವಟಿಕೆಗಳನ್ನು ಪರೀಕ್ಷಿಸುತ್ತ ಬಂದರು. ಮನೆ ಸೇರಿದ ಮಕ್ಕಳು ಚೇತರಿಸಿಕೊಂಡರು. ಅದರಲ್ಲೂ ಎರಡು ವರ್ಷ ತುಂಬುವ ಮೊದಲೇ ಮನೆ ಸೇರಿದವರ ಚೇತರಿಕೆ ಹೆಚ್ಚು. ಅನಾಥಾಲಯದಲ್ಲೇ ಉಳಿದವರು ಹಿಂದೆ ಬಿದ್ದರು. ರೊಮೇನಿಯಾ 2004ರಲ್ಲಿ ಹೊಸ ಕಾನೂನು ಮಾಡಿ, ತೀವ್ರ ಅಂಗವೈಕಲ್ಯವಿದ್ದವರ ಹೊರತು ಎರಡು ವರ್ಷದೊಳಗಿನ ಕೂಸುಗಳನ್ನು ಇಂಥ ಸಂಸ್ಥೆಗಳಿಗೆ ಸೇರಿಸುವಂತಿಲ್ಲ ಎಂದಿತು. ದೊಡ್ಡ ದೊಡ್ಡ ಅನಾಥಾಲಯಗಳನ್ನು ಒಂದೊಂದಾಗಿ ಮುಚ್ಚುತ್ತ ಬಂದಿತು.

ಹೀಗೆ ಯೂರೋಪು ತನ್ನ ಅನಾಥಾಲಯಗಳನ್ನು ಮುಚ್ಚತೊಡಗಿದ ಕಾಲದಲ್ಲೇ, ಅಲ್ಲಿನ ಯುವಜನ ಸೇವೆಗೆಂದು ಏಷ್ಯಾ, ಆಫ್ರಿಕಾದ ಅನಾಥಾಲಯಗಳತ್ತ ಹೊರಟರು. ಶಾಲೆ ಮುಗಿದು ಕಾಲೇಜು ಸೇರುವ ನಡುವೆ ಒಂದು ವರ್ಷ ಲೋಕ ಸುತ್ತುವುದು ಅಲ್ಲಿ ರೂಢಿಯಾಗಿತ್ತು. ಅದನ್ನು ನಡೆಸಿಕೊಡುವ ಕಂಪನಿಗಳು ಹುಟ್ಟಿಕೊಂಡವು. ಆನೆ ಸವಾರಿ, ಪರ್ವತ ಚಾರಣದ ಜೊತೆಗೆ ‘ಅನಾಥಾಲಯದಲ್ಲಿ ಎರಡು ವಾರ’ ಎಂಬುದೂ ಪಟ್ಟಿಗೆ ಸೇರಿತು.

ಹುಮ್ಲಾದ ಮಕ್ಕಳು

2004ರಲ್ಲಿ ಕಾನರ್ ಗ್ರೆನನ್ ಎಂಬ ಅಮೆರಿಕದ ಯುವಕ ಲೋಕ ಸುತ್ತಲು ಹೊರಟು, ಮೊದಲಿಗೆ ನೇಪಾಳಕ್ಕೆ ಬಂದ. ಕಾಠ್ಮಂಡುವಿನ ದಕ್ಷಿಣಕ್ಕಿರುವ ಗೋದಾವರಿ ಎಂಬ ಹಳ್ಳಿಯ ಮಕ್ಕಳ ಮನೆಯಲ್ಲಿ ಕೆಲವು ತಿಂಗಳು ಸೇವೆ ಮಾಡುವುದು ಅವನ ಯೋಜನೆ. ಇದ್ದ ದುಡ್ಡನ್ನೆಲ್ಲ ತಿರುಗಾಟಕ್ಕೆ ಸುರಿಯುತ್ತಿದ್ದಾನೆ ಎಂದು ಆಡಿಕೊಳ್ಳುವವರ ಬಾಯಿ ಮುಚ್ಚಿಸಲು ಈ ಸೇವೆ ಒಂದು ನೆವವೂ ಆಗಿತ್ತು ಎಂದು ಅವನೇ ಮುಂದೆ ತನ್ನ ‘ಲಿಟಲ್ ಪ್ರಿನ್ಸಸ್’ ಪುಸ್ತಕದಲ್ಲಿ ಮುಚ್ಚುಮರೆಯಿಲ್ಲದೆ ಬರೆದುಕೊಂಡಿದ್ದಾನೆ. 

ಆಗ ನೇಪಾಳದಲ್ಲಿ ಮಾವೋವಾದಿಗಳ ಅಂತರ್ಯುದ್ಧ. 1996ರಿಂದ 2006ರವರೆಗೆ ನಡೆದ ಆ ಯುದ್ಧದಲ್ಲಿ ಹದಿನೇಳು ಸಾವಿರದಷ್ಟು ಜನ ಸತ್ತರು. ಮಕ್ಕಳ ಮನೆಯಲ್ಲಿದ್ದವರು ಯುದ್ಧದಲ್ಲಿ ಹೆತ್ತವರನ್ನು ಕಳೆದುಕೊಂಡ ಅನಾಥರೆಂದೇ ಎಲ್ಲರೂ ತಿಳಿದಿದ್ದರು. ಒಂದು ದಿನ ಒಬ್ಬ ಹೆಂಗಸು ಅಲ್ಲಿಗೆ ಬಂದಳು. ಅಲ್ಲಿದ್ದ ಇಬ್ಬರು ಹುಡುಗರ ಹೆತ್ತ ತಾಯಿ ಅವಳು! 

ಆ ಮಕ್ಕಳು ನೇಪಾಳದ ವಾಯವ್ಯ ಮೂಲೆಯಲ್ಲಿ, ಟಿಬೆಟ್ ಗಡಿಗೆ ಹೊಂದಿರುವ ಹುಮ್ಲಾ ಜಿಲ್ಲೆಯವರು. ಅಲ್ಲಿಗೆ ಆಗ ರಸ್ತೆಯೇ ಇರಲಿಲ್ಲ. ಸಿಮಿಕೋಟ್ ಎಂಬಲ್ಲಿ ಸಣ್ಣ ವಿಮಾನ ಇಳಿದರೆ, ಮುಂದೆಲ್ಲ ದಿನಗಟ್ಟಲೆ ಕಾಲ್ನಡಿಗೆ. ಬಂಡುಕೋರರು ಮನೆಮನೆಯಿಂದ ಮಕ್ಕಳನ್ನು ತಮ್ಮ ಸೈನ್ಯಕ್ಕೆ ಎಳೆದೊಯ್ಯುತ್ತಿದ್ದರು. ಆ ಹೊತ್ತಿನಲ್ಲಿ ಹಳ್ಳಿಗೆ ಒಬ್ಬ ಬಂದು, ಮಕ್ಕಳನ್ನು ಕಾಠ್ಮಂಡುವಿಗೆ ಕರೆದೊಯ್ದು ಒಳ್ಳೆಯ ಶಾಲೆಗೆ ಸೇರಿಸುತ್ತೇನೆ ಎಂದ. ಹೆತ್ತವರು ಇದ್ದಬದ್ದದ್ದನ್ನು ಮಾರಿ, ಸಾಲ ಮಾಡಿ ಅವನಿಗೆ ಹಣ ಕೊಟ್ಟರು. ಅವನು ಮಕ್ಕಳನ್ನು ನಗರಕ್ಕೆ ತಂದ. ಕೆಲವರನ್ನು ಬೀದಿಗೆ ಬಿಟ್ಟ, ಕೆಲವರನ್ನು ಅನಾಥರೆಂದು ತೋರಿಸಿ ದಾನ ಎತ್ತಿದ. ಕೇಳಿದವರಿಗೆ ಅಪ್ಪ ಅಮ್ಮ ಸತ್ತರೆಂದು ಹೇಳುವಂತೆ ಮಕ್ಕಳಿಗೆ ಕಲಿಸಿದ್ದರು. ಬದುಕಿದ್ದವರ ಹೆಸರಿನಲ್ಲಿ ಸುಳ್ಳು ಮರಣಪತ್ರಗಳೂ ತಯಾರಾಗಿದ್ದವು.

ಇದನ್ನು ಓದುವಾಗ ನಮ್ಮ ನಡುವೆ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಸಾಲ ಮಾಡಿ ಏಜೆಂಟನ ಕೈಗೆ ಹಣ ಇಡುವುದೆಂದರೇನು, ಹೇಳಿದ ಕೆಲಸ ಒಂದು ಸಿಕ್ಕಿದ ಕೆಲಸ ಇನ್ನೊಂದು ಆಗುವುದೆಂದರೇನು ಎಂದು ನಮಗೆ ಯಾರೂ ಬಿಡಿಸಿ ಹೇಳಬೇಕಿಲ್ಲ. ನಮ್ಮ ಸೈಟುಗಳಲ್ಲಿ, ಕ್ಯಾಂಪುಗಳಲ್ಲಿ ನಮ್ಮ ಜೊತೆ ದುಡಿಯುವ ನೇಪಾಳಿ ಭಾಯಿಗಳಿಗಂತೂ ಬೇಡವೇ ಬೇಡ. ಹುಮ್ಲಾದ ಆ ತಾಯ್ತಂದೆಯರು ಮಕ್ಕಳನ್ನು ಬಿಟ್ಟವರಲ್ಲ. ಮಕ್ಕಳು ಚೆನ್ನಾಗಿರಲಿ ಎಂದು ದೂರ ಕಳಿಸಿದವರು. ಮಕ್ಕಳು ಚೆನ್ನಾಗಿರಲಿ ಎಂದು ನಾವೇ ದೂರ ಬಂದಿದ್ದೇವೆ. ವ್ಯತ್ಯಾಸ ಅಷ್ಟೇ.

ಗ್ರೆನನ್ ತನ್ನ ದೇಶಕ್ಕೆ ಮರಳಿದ. ಸುರಕ್ಷಿತ ಜಾಗಕ್ಕೆ ಸೇರಿಸಲು ತಾನು ಏರ್ಪಾಡು ಮಾಡಿದ್ದ ಏಳು ಮಕ್ಕಳು ಕಾಣೆಯಾದರೆಂಬ ಸುದ್ದಿ ಅವನನ್ನು ಮತ್ತೆ ನೇಪಾಳಕ್ಕೆ ಎಳೆಯಿತು. 2006ರಲ್ಲಿ ‘ನೆಕ್ಸ್ಟ್ ಜನರೇಷನ್ ನೇಪಾಳ್’ ಎಂಬ ಸಂಸ್ಥೆ ಕಟ್ಟಿದ. ಮಕ್ಕಳ ಫೋಟೋ ಹಿಡಿದು ಹುಮ್ಲಾದ ಬೆಟ್ಟಗಳನ್ನು ಹತ್ತಿ ಇಳಿದು ಒಂದೊಂದೇ ಮನೆಯ ಬಾಗಿಲು ತಟ್ಟಿದ. ಮೊದಲ ಸಲ ಬಂದಾಗ ಅವನು ಮಕ್ಕಳನ್ನು ಆಡಿಸಿದ್ದ. ಎರಡನೇ ಸಲ ಅವರ ಅಪ್ಪ ಅಮ್ಮಂದಿರನ್ನು ಹುಡುಕಿದ. ನಮ್ಮ ದೃಷ್ಟಿಯಲ್ಲಿ ಅವನ ಸೇವೆ ನಿಜವಾಗಿ ಶುರುವಾದದ್ದು ಈ ಎರಡನೇ ಸಲವೇ.

ಅದೇ ನೇಪಾಳದ ಸುರ್ಖೇತಿಗೆ, ಶಾಲೆ ಮುಗಿಸಿ ಲೋಕ ನೋಡಲು ಹೊರಟಿದ್ದ ಮ್ಯಾಗಿ ಡೊಯ್ನ್ ಎಂಬ ಅಮೆರಿಕದ ಹುಡುಗಿ ಬಂದಳು. ಹಿಂದೆ ನೆರೆಹೊರೆಯವರ ಮಕ್ಕಳನ್ನು ನೋಡಿಕೊಂಡು ಉಳಿಸಿದ್ದ 5,000 ಡಾಲರ್ ತರಿಸಿಕೊಂಡು ಅಲ್ಲಿ ಜಾಗ ಕೊಂಡಳು. ಅಲ್ಲೇ ನಿಂತಳು, ಮಕ್ಕಳ ಮನೆ ಕಟ್ಟಿದಳು, ಶಾಲೆ ಕಟ್ಟಿದಳು. 2015ರಲ್ಲಿ ಸಿಎನ್‌ಎನ್ ಅವಳನ್ನು ವರ್ಷದ ಹೀರೋ ಎಂದು ಗೌರವಿಸಿತು. ಎರಡು ವಾರಕ್ಕೆ ಬಂದು ಹೋಗುವವರ ಮಾತನ್ನೂ ಬದುಕನ್ನೇ ಅಲ್ಲಿಟ್ಟವರ ಮಾತನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು ಎಂದು ಇದನ್ನೂ ಹೇಳುತ್ತಿದ್ದೇವೆ.

ದಾನ ಬಂದಲ್ಲಿ ಅನಾಥಾಲಯ

ನೇಪಾಳದ ಮಕ್ಕಳ ಮನೆಗಳಲ್ಲಿ ಹೆಚ್ಚಿನವು ಇದ್ದದ್ದು ಎಲ್ಲಿ? ಯುದ್ಧ ನಡೆದ, ಬಡತನ ಹೆಚ್ಚಿದ್ದ ಬೆಟ್ಟದ ಜಿಲ್ಲೆಗಳಲ್ಲಲ್ಲ. ಪ್ರವಾಸಿಗಳು ಬರುವ ಕಾಠ್ಮಂಡು ಕಣಿವೆ, ಪೋಖರಾ, ಚಿತ್ವನ್‌ಗಳಲ್ಲಿ. ಈ ಒಂದು ಸಂಗತಿಯಲ್ಲೇ ಅರ್ಧ ಕಥೆ ಇದೆ.

ಉಳಿದರ್ಧ ಕಾಂಬೋಡಿಯಾದಲ್ಲಿ ಸಿಗುತ್ತದೆ. ಅಂಗ್ಕೋರ್ ದೇವಾಲಯಗಳನ್ನು ನೋಡಲು ಬರುವವರ ಸಂಖ್ಯೆ ಏರುತ್ತ ಹೋದಂತೆ ಅಲ್ಲಿ ಅನಾಥಾಲಯಗಳೂ ಏರಿದವು. 2005ರಿಂದ 2010ರ ನಡುವಿನ ಐದೇ ವರ್ಷಗಳಲ್ಲಿ ಅವುಗಳ ಸಂಖ್ಯೆ ನೂರಕ್ಕೆ 75ರಷ್ಟು ಹೆಚ್ಚಿತು. ಆ ಹೊತ್ತಿಗೆ ಯುದ್ಧ ಮುಗಿದು ಎಷ್ಟೋ ವರ್ಷಗಳಾಗಿದ್ದವು. ಅನಾಥರ ಸಂಖ್ಯೆ ಹೆಚ್ಚಲು ಕಾರಣವೇ ಇರಲಿಲ್ಲ. ಅಲ್ಲಿದ್ದ ಮಕ್ಕಳಲ್ಲಿ ನಾಲ್ವರಲ್ಲಿ ಸುಮಾರು ಮೂವರಿಗೆ ತಂದೆಯೋ ತಾಯಿಯೋ ಇದ್ದರೆಂದು 2011ರಲ್ಲಿ ಯುನಿಸೆಫ್ ತಿಳಿಸಿತು. ಕೆಲವು ಕಡೆ ಸಂಜೆಯಾದರೆ ಪ್ರವಾಸಿಗಳ ಮುಂದೆ ಮಕ್ಕಳಿಂದ ಕುಣಿತ, ಕುಣಿತದ ಕೊನೆಗೆ ಹುಂಡಿ. ಮಕ್ಕಳು ದಷ್ಟಪುಷ್ಟವಾಗಿ ಕಂಡರೆ ದಾನ ಕಡಿಮೆಯಾಗುತ್ತದೆಂದು ಅವರನ್ನು ಅರೆಹೊಟ್ಟೆಯಲ್ಲಿ ಇಟ್ಟ ಜಾಗಗಳೂ ಇದ್ದವು. ಮಕ್ಕಳು ಪ್ರೇಕ್ಷಣೀಯ ವಸ್ತುಗಳಲ್ಲ ಎಂಬ ಪ್ರಚಾರವನ್ನು ಅಲ್ಲಿನ ಮಕ್ಕಳ ರಕ್ಷಣಾ ಸಂಸ್ಥೆಗಳು ಶುರುಮಾಡಬೇಕಾಯಿತು.

ಆಸ್ಟ್ರೇಲಿಯಾದ ತಾರಾ ವಿಂಕ್ಲರ್ ಇಪ್ಪತ್ತರ ಆಸುಪಾಸಿನಲ್ಲಿ ಕಾಂಬೋಡಿಯಾಕ್ಕೆ ಹೋಗಿ ಒಂದು ಅನಾಥಾಲಯದ ಮಕ್ಕಳನ್ನು ಕಂಡು ಕರಗಿದಳು. ಊರಿಗೆ ಬಂದು ಹಣ ಕೂಡಿಸಿ ಕಳಿಸಿದಳು. ಮತ್ತೆ ಹೋದಾಗ ಗೊತ್ತಾಯಿತು, ಹಣ ಮಕ್ಕಳನ್ನು ಮುಟ್ಟುತ್ತಲೇ ಇರಲಿಲ್ಲ. ಮಕ್ಕಳು ಅಲ್ಲಿ ಹಿಂಸೆ ಅನುಭವಿಸುತ್ತಿದ್ದರು. 2007ರಲ್ಲಿ ಅವಳೂ ಸ್ಥಳೀಯನಾದ ಪೊನ್ ಜೆಟ್ಟಾನೂ ಸೇರಿ ಬಟ್ಟಂಬಾಂಗ್‌ನಲ್ಲಿ ತಮ್ಮದೇ ಅನಾಥಾಲಯ ತೆರೆದು 14 ಮಕ್ಕಳನ್ನು ಅಲ್ಲಿಂದ ಬಿಡಿಸಿ ತಂದರು. ಅವಳ ಅನಾಥಾಲಯದಲ್ಲಿ ಮೋಸವಿರಲಿಲ್ಲ, ಊಟ ಓದು ಎಲ್ಲ ಚೆನ್ನಾಗಿತ್ತು. ಆದರೂ, ಖಮೇರ್ ಭಾಷೆ ಕಲಿತು ಮಕ್ಕಳೊಂದಿಗೆ ಮಾತಾಡತೊಡಗಿದ ಮೇಲೆ, ಅವರಲ್ಲಿ ಬಹಳ ಮಂದಿಗೆ ಮನೆಯವರಿದ್ದಾರೆ, ಅವರನ್ನು ಅಲ್ಲಿಗೆ ತಂದದ್ದು ಸಾವಲ್ಲ, ಬಡತನ ಎಂದು ತಿಳಿಯಿತು. ಅವಳು ತಾನೇ ಕಟ್ಟಿದ್ದನ್ನು ತಾನೇ ಬದಲಿಸಿದಳು. ಮಕ್ಕಳನ್ನು ಮನೆಗೆ ಕಳಿಸಿ, ಅದೇ ಹಣದಲ್ಲಿ ಆ ಮನೆಗಳಿಗೆ ನೆರವಾಗುವ ಕೆಲಸ ಹಿಡಿದಳು. ಅನಾಥಾಲಯಗಳ ಕಾಲ ಮುಗಿಯಬೇಕು ಎಂದು 2016ರಲ್ಲಿ ಸಿಡ್ನಿಯ ವೇದಿಕೆಯೊಂದರಲ್ಲಿ ಮಾತಾಡಿದಳು. ತಾನು ನಾಲ್ಕು ಜನರಿಂದ ಹೊಗಳಿಸಿಕೊಂಡ ಕೆಲಸವೇ ತಪ್ಪು ದಾರಿಯದೆಂದು ಎಲ್ಲರ ಮುಂದೆ ಒಪ್ಪಿಕೊಳ್ಳುವುದು ಸುಲಭವಲ್ಲ.

ಇಂಥ ಅನುಭವಗಳಿಂದಲೇ ಕಾನೂನುಗಳೂ ಬದಲಾದವು. 2018ರಲ್ಲಿ ಆಧುನಿಕ ಗುಲಾಮಗಿರಿಯ ವಿರುದ್ಧ ಕಾಯ್ದೆ ತಂದಾಗ ಆಸ್ಟ್ರೇಲಿಯಾ, ಅನಾಥಾಲಯ ತುಂಬಿಸಲು ಮಕ್ಕಳನ್ನು ಸಾಗಿಸುವುದೂ ಗುಲಾಮಗಿರಿಯೇ ಎಂದು ಗುರುತಿಸಿತು. 2019ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯ ಮಹಾಸಭೆ, ಹೆತ್ತವರ ಆಸರೆ ಇಲ್ಲದ ಮಕ್ಕಳ ಕುರಿತ ನಿರ್ಣಯದಲ್ಲಿ, ಅನಾಥಾಲಯ ಪ್ರವಾಸದಿಂದ ಮಕ್ಕಳಿಗೆ ಆಗುವ ಹಾನಿಯನ್ನು ಎತ್ತಿ ಹೇಳಿತು.

ನಮ್ಮ ನಾಡಿನಲ್ಲಿ

ಇಷ್ಟು ಓದಿದಾಗ ನಮ್ಮವರಲ್ಲೊಬ್ಬರು ಕೇಳಿದರು: “ಹಾಗಾದ್ರೆ ನಮ್ಮ ಮಠಗಳ ಹಾಸ್ಟೆಲ್ಲುಗಳೂ ತಪ್ಪಾ? ನಾನೇ ಅಲ್ಲಿ ಓದಿ ಇಲ್ಲೀತನಕ ಬಂದವನು.” ಒಳ್ಳೆಯ ಪ್ರಶ್ನೆ. ಹಿಂದೆ ನಮ್ಮಲ್ಲಿ ಬಡ ಹುಡುಗರು ಪೇಟೆಗೆ ಬಂದು ವಾರಾನ್ನ ಮಾಡಿಕೊಂಡು ಓದುತ್ತಿದ್ದರು. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ. ತುಮಕೂರಿನ ಸಿದ್ಧಗಂಗಾ ಮಠದಂಥ ಕಡೆ ಸಾವಿರಾರು ಮಕ್ಕಳು ಅನ್ನ, ಅಕ್ಷರ ಪಡೆದು ದೊಡ್ಡವರಾದರು. ಆದರೆ ಆ ಹುಡುಗರ ಹೆಸರಿನ ಮುಂದೆ ಅಪ್ಪನ ಹೆಸರಿತ್ತು, ಊರಿನ ಹೆಸರಿತ್ತು. ಜಾತ್ರೆಗೆ ಅಪ್ಪ ಅಮ್ಮ ಬರುತ್ತಿದ್ದರು, ರಜೆಗೆ ಹುಡುಗರು ಊರಿಗೆ ಹೋಗುತ್ತಿದ್ದರು. ಓದಲು ಮನೆ ಬಿಟ್ಟವರು ಅವರು, ಮನೆಯನ್ನೇ ಕಳೆದುಕೊಂಡವರಲ್ಲ. ಧಾತು ಸಂವತ್ಸರದ ಬರ (1876–78) ಬಂದು ಹಳ್ಳಿಗಳೇ ಬರಿದಾದಾಗ ಮೈಸೂರು ಸೀಮೆಯಲ್ಲಿ ವಿದೇಶಿ ಮಿಷನರಿಗಳು ತೆರೆದ ಅನಾಥಾಲಯಗಳೂ ಎಷ್ಟೋ ಜೀವ ಉಳಿಸಿದವು. ನಿಜವಾಗಿ ಯಾರೂ ಇಲ್ಲದ ಮಗುವಿಗೆ ಆಸರೆ ಬೇಕೇ ಬೇಕು. ಅಪ್ಪ ಅಮ್ಮ ಇರುವ ಮಗುವನ್ನು ಬಡತನಕ್ಕೆ ಅನಾಥ ಮಾಡುವುದು ಮಾತ್ರ ಬೇಡ.

ನಮ್ಮ ದೇಶದ ಕಾನೂನೂ ಇದನ್ನೇ ಹೇಳುತ್ತದೆ. 2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ ಮಗುವನ್ನು ಸಂಸ್ಥೆಗೆ ಸೇರಿಸುವುದು ಬೇರೆ ದಾರಿಯೇ ಇಲ್ಲದಾಗ ಕೊನೆಯ ಉಪಾಯ. ಕಷ್ಟದಲ್ಲಿರುವ ಕುಟುಂಬದಲ್ಲೇ ಮಗು ಬೆಳೆಯಲೆಂದು ಕೇಂದ್ರದ ಮಿಷನ್ ವಾತ್ಸಲ್ಯ ಯೋಜನೆಯಲ್ಲಿ ತಿಂಗಳಿಗೆ 4,000 ರೂಪಾಯಿ ಪ್ರಾಯೋಜಕತ್ವ ನೆರವಿಗೆ ಅವಕಾಶವಿದೆ. ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ವಿಚಾರಿಸಬೇಕು. ಆಪತ್ತಿನಲ್ಲಿರುವ ಮಕ್ಕಳಿಗಾಗಿ 1098 ಸಹಾಯವಾಣಿ ಇದೆ. ಇಂಥ ಸಂಸ್ಥೆಗಳ ಮಕ್ಕಳ ಗುರುತು ಬಯಲಾಗುವಂತೆ ಫೋಟೋ ಪ್ರಕಟಿಸುವುದು ಅದೇ ಕಾಯ್ದೆಯಂತೆ ಅಪರಾಧ. ಪಾಯಸದ ಸಾಲಿನ ಮುಂದೆ ನಿಂತು ನಾವು ತೆಗೆಸಿಕೊಂಡ ಫೋಟೋಗಳನ್ನು ವಾಟ್ಸಾಪಿನಲ್ಲಿ ಹಂಚುವಾಗ ಇದು ನಮಗೂ ತಿಳಿದಿರಲಿಲ್ಲ.

ಮೂರು ಪ್ರಶ್ನೆಗಳು

ಓದಿದ್ದನ್ನೆಲ್ಲ ಆ ಹುಡುಗಿಯ ಮುಂದಿಟ್ಟೆವು. ಹೋಗು, ಹೋಗಬೇಡ ಎನ್ನಲಿಲ್ಲ. ಅವಳೇ ಮೂರು ಪ್ರಶ್ನೆ ಬರೆದು ಸಂಸ್ಥೆಗೆ ಕಳಿಸಿದಳು. ಈ ಮಕ್ಕಳ ಅಪ್ಪ ಅಮ್ಮ ಎಲ್ಲಿದ್ದಾರೆ? ಅವರನ್ನು ಮನೆ ಸೇರಿಸಲು ನೀವು ಏನು ಮಾಡುತ್ತಿದ್ದೀರಿ? ನನ್ನ ಪೂರ್ವಾಪರ ವಿಚಾರಿಸದೆ ಮಕ್ಕಳ ಜೊತೆ ಬಿಡುತ್ತೀರೆಂದಾದರೆ, ನನ್ನ ಹಾಗೆ ಇನ್ನು ಯಾರು ಯಾರು ಒಳಗೆ ಬರುತ್ತಾರೆ? ಮರುದಿನ ಉತ್ತರ ಬಂತು: ಸೀಟುಗಳು ಕೆಲವೇ ಉಳಿದಿವೆ, ಬೇಗ ಶುಲ್ಕ ಕಟ್ಟಿ. ಅವಳು ಹೋಗಲಿಲ್ಲ. ಸ್ವಲ್ಪ ದಿನ ಮುನಿಸಿಕೊಂಡಿದ್ದಳು ಎಂಬುದನ್ನೂ ಮುಚ್ಚಿಡುವುದಿಲ್ಲ. ಸೇವೆ ಮಾಡುವ ಆಸೆ ಮಾತ್ರ ಹೋಗಿಲ್ಲ. ಅದು ಹೋಗಬಾರದು ಕೂಡ. ದಾರಿ ಬೇರೆ ಇದೆ ಅಷ್ಟೇ.

ಆ ದಾರಿ ಯಾವುದೆಂದು ಹುಡುಕುವಾಗ ನಮಗೆ ನೆನಪಾದದ್ದು ನಮ್ಮದೇ ಬಳಗದ ಸಂಗತಿ. ಕೆಲವು ವರ್ಷಗಳ ಹಿಂದೆ ನಮ್ಮ ಜೊತೆಗಾರನೊಬ್ಬ ಇಲ್ಲೇ ಮಲಗಿದಲ್ಲೇ ತೀರಿಕೊಂಡ. ಊರಿನಲ್ಲಿ ಹೆಂಡತಿ, ಇಬ್ಬರು ಗಂಡುಮಕ್ಕಳು. ಕಾರ್ಯಗಳೆಲ್ಲ ಮುಗಿದ ಮೇಲೆ ನೆಂಟರು ಆ ತಂಗಿಗೆ ಹೇಳಿದರಂತೆ, ಮಕ್ಕಳನ್ನು ಅನಾಥಾಲಯಕ್ಕೆ ಸೇರಿಸು, ಊಟ ಓದು ಎಲ್ಲ ಪುಕ್ಕಟೆ, ನೀನು ಎಲ್ಲಾದರೂ ಕೆಲಸ ನೋಡಿಕೊಳ್ಳಬಹುದು ಎಂದು. ಅವನ ರೂಮಿನ ಎಂಟು ಮಂದಿ ಒಪ್ಪಲಿಲ್ಲ. ಸಂಬಳದ ದಿನ ತಲಾ ಇಷ್ಟೆಂದು ತೆಗೆದಿಟ್ಟು, ಅವರಲ್ಲೊಬ್ಬರ ಮೂಲಕ ತಿಂಗಳು ತಿಂಗಳು ಆ ಮನೆಗೆ ಮುಟ್ಟಿಸಿದರು. ಇಂದಿಗೂ ಮುಟ್ಟಿಸುತ್ತಿದ್ದಾರೆ. ಬೌಲ್ಬಿಯ ವರದಿಯನ್ನು ಅವರಾರೂ ಓದಿದವರಲ್ಲ. ಒಂದೇ ತಟ್ಟೆಯಲ್ಲಿ ಉಂಡ ಋಣ ಅಷ್ಟೇ.

ಕಳೆದ ರಜೆಯಲ್ಲಿ ನಮ್ಮಲ್ಲಿ ಇಬ್ಬರು ಆ ಮನೆಗೆ ಹೋಗಿದ್ದೆವು. ದೊಡ್ಡ ಹುಡುಗ ನೀರು ತಂದುಕೊಟ್ಟ. ಚಿಕ್ಕವನಿಗೆ ಚಾಕೊಲೇಟ್ ತೋರಿಸಿ ಬಾ ಎಂದು ಎಷ್ಟು ಕರೆದರೂ ಬರಲಿಲ್ಲ. ತಾಯಿಯ ಸೆರಗು ಹಿಡಿದು ಹಿಂದೆ ಅಡಗಿ, ಒಂದು ಕಣ್ಣಿನಲ್ಲಿ ನಮ್ಮನ್ನು ನೋಡುತ್ತ ನಿಂತ. ಅಷ್ಟು ದೂರದಿಂದ ಬಂದದ್ದಕ್ಕೆ ಮಗು ಹತ್ತಿರ ಬರಲಿಲ್ಲವಲ್ಲ ಎಂದು ಆಗ ನಮಗೆ ಸ್ವಲ್ಪ ಬೇಸರವೇ ಆಗಿತ್ತು. ಈಗ ಇಷ್ಟೆಲ್ಲ ಓದಿದ ಮೇಲೆ ಅದನ್ನು ನೆನೆದರೆ ಸಂತೋಷವಾಗುತ್ತದೆ. ಅಡಗಿಕೊಳ್ಳಲು ಅವನಿಗೆ ಒಂದು ಸೆರಗಿತ್ತು.